ಹೇಳಿದ ಅಳತೆ

ಅವ್ವ ತನ್ನದೇ ಕೂದಲಿನಿಂದ ಹೆಣೆದಿಟ್ಟ ಹುರಿ ಲಿಸಿಯಾತೆಯ ಹೊಟ್ಟೆಯನ್ನು ಸುತ್ತಿ ಬಂದು, ಗಂಟು ಬೀಳುವುದಕ್ಕೆ ನಾಲ್ಕು ಬೆರಳು ಮುಂಚೆಯೇ ನಿಂತುಬಿಟ್ಟಿತು. ಅವ್ವ ಸತ್ತ ಮೇಲಿನ ಒಂದು ವರ್ಷದ ಸೂತಕ ಮುಗಿದು, ಕಪ್ಪು ಬಟ್ಟೆ ಕಳಚಿ, ಸೊಂಟಕ್ಕೆ ಹೊಸ ಚಾಪೆ ಸುತ್ತಿ ಚರ್ಚಿಗೆ ಹೊರಡುವ ಬೆಳಗು. ಟೊಂಗಾ ದ್ವೀಪದ ಗಂಡಸು ಸೊಂಟಕ್ಕೆ ಚಾಪೆಯಿಲ್ಲದೆ ದೇವರ ಮುಂದೆ ನಿಲ್ಲುವುದಿಲ್ಲ. ಅದನ್ನು ಬಿಗಿಯಲೆಂದು ಚಿಕ್ಕವ್ವ ಲೋಸೆ ಈಗಷ್ಟೇ ಆ ಹುರಿಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದಳು.

"ಉಸಿರು ಎಳ್ಕೋ," ಅಂದಳು ಅವಳು, ಬೆನ್ನ ಹಿಂದೆ ನಿಂತು ಎಳೆಯುತ್ತ. "ಇದು ಸೊಂಟಾನೋ, ಮಳೆನೀರಿನ ಟ್ಯಾಂಕೋ?"

"ಅಳತೆ ತಪ್ಪಿದೆ ಚಿಕ್ಕವ್ವ. ಕಡೇಗೆ ಅವ್ವಂಗೆ ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ."

"ಕಣ್ಣು ಚೆನ್ನಾಗೇ ಇತ್ತು. ಅಳತೆಗೆ ಅಂತ ಅವಳು ದಾರ ಹಿಡ್ಕೊಂಡು ಬಂದಾಗ ನೀನೇನಂದೆ, ನೆನಪಿದೆಯಾ?"

ನೆನಪಿತ್ತು. ದಿನಾ ವ್ಯಾಯಾಮ ಮಾಡುವ ಸವಾಲಿಗೆ ಚರ್ಚಿನ ಹುಡುಗರ ಜೊತೆ ಅವತ್ತೇ ಹೆಸರು ಕೊಟ್ಟು ಬಂದಿದ್ದ. ಹೊಸ ಶೂ ಕೂಡ ತಂದಿದ್ದ. ಈ ಹೊಟ್ಟೆ ಅಳೀಬೇಡವ್ವ, ಕ್ರಿಸ್‌ಮಸ್ ಹೊತ್ತಿಗೆ ಇದಿರಲ್ಲ ಎಂದು ನಕ್ಕಿದ್ದ. ಆಮೇಲೆ ಅವನು ಓಡಿದ್ದು ಒಂದೇ ಒಂದು ಬೆಳಗು.

"ಕೂದಲು ಇನ್ನೂ ಇದೆ, ಒಂದು ಗೇಣು ಜಾಸ್ತಿ ಹೆಣಿ ಅಂತ ಬಡ್ಕೊಂಡೆ," ಚಿಕ್ಕವ್ವ ಹೇಳಿದಳು. "ಕೇಳಲಿಲ್ಲ. ನನ್ನ ಮಗ ಮಾಡ್ತೀನಿ ಅಂದಿದಾನೆ, ಮಾಡ್ತಾನೆ ಅಂದ್ಲು."

ಲಿಸಿಯಾತೆ ಉಸಿರು ಬಿಗಿಹಿಡಿದ. ಎರಡು ತುದಿಗಳೂ ಹೇಗೋ ಕೂಡಿದವು. ಚಿಕ್ಕವ್ವ ಗಂಟು ಹಾಕಿದಳು. ಅಳು ಒತ್ತರಿಸಿ ಬಂತು. ಆದರೆ ಅಳುವುದಕ್ಕೆ ಉಸಿರು ಬಿಡಬೇಕಿತ್ತು.