ಹಿಂದಿನ ಹಲಗೆ

"ಅತ್ತಿಗೆ, ಅವಕ್ಕೆ ಜೋಗುಳ ಹಾಡೋದೊಂದು ಬಾಕಿ ನೋಡಿ," ಎಂದ ಟೌನೊ, ದೋಣಿಯ ಹಿಂದಿನ ಹಲಗೆಯ ಮೇಲೆ ರಾಜನ ಹಾಗೆ ಕಾಲು ಚಾಚಿಕೊಂಡು.

ಹೆಲ್ಮಿ ತಲೆ ಎತ್ತಲಿಲ್ಲ. ಡಬ್ಬಿಯ ಹಳೆಯ ನೀರನ್ನು ದಡದ ಪೊದೆಯ ಬುಡಕ್ಕೆ ಚೆಲ್ಲಿ, ನಡುಕೆರೆಯಲ್ಲಿ ಬಾಟಲಿಗೆ ಹಗ್ಗ ಕಟ್ಟಿ ಆಳದಿಂದ ಮೊಗೆದಿದ್ದ ತಣ್ಣೀರು ಹೊಯ್ದಳು. ಮೀನಿನ ಗಾಳಕ್ಕೆಂದು ತಂದ ನಾಲ್ಕು ಡಜನ್ ಜಿಗಣೆಗಳು ಕಪ್ಪು ರಿಬ್ಬನ್ನುಗಳ ಹಾಗೆ ಬಳುಕಿದವು. ಸತ್ತದ್ದೇನಾದರೂ ಇದೆಯೇ ಎಂದು ಬೆರಳಾಡಿಸಿ ನೋಡಿದಳು. ಒಂದು ಕೊಳೆತರೂ ಡಬ್ಬಿ ಪೂರ್ತಿ ಹೋದ ಹಾಗೆಯೇ. ಆಮೇಲೆ ಒದ್ದೆ ಗೋಣಿ ಸುತ್ತಿ, ಡಬ್ಬಿಯನ್ನು ಪಾದಗಳ ನಡುವೆ ನೆರಳಿಗಿಟ್ಟುಕೊಂಡು ಮುಂದಿನ ಹಲಗೆಯಲ್ಲಿ ಕೂತಳು. ಅಂಗಡಿಯಲ್ಲಿ ಕೊಂಡ ಟೌನೊನ ಜಿಗಣೆ ಡಬ್ಬಿ ಮಾತ್ರ, ಬಿಸಿಲಿಗೆ ಕಾವಲಿಯಂತೆ ಕಾಯುವ ಆ ಅಲ್ಯೂಮಿನಿಯಂ ದೋಣಿಯ ತಳದಲ್ಲಿ ಬಿದ್ದಲ್ಲೇ ಬಿದ್ದಿತ್ತು.

ಮಿನ್ನೆಸೋಟದ ಉತ್ತರದ ಈ ಕೆರೆಗಳಿಗೆ ಮೂವತ್ತು ವರ್ಷ, ಪ್ರತಿ ಜುಲೈಯಲ್ಲಿ, ಅಣ್ಣತಮ್ಮ ಇಬ್ಬರೇ ಬರುತ್ತಿದ್ದರು. ಹಿಂದೆ ಕೂತು ದಿಕ್ಕು ಹಿಡಿಯುವವನು ಹೆಲ್ಮಿಯ ಗಂಡ ಆರ್ವೊ, ಮುಂದೆ ಟೌನೊ. ಕಳೆದ ಚಳಿಗಾಲದಲ್ಲಿ ಆರ್ವೊ ತೀರಿಹೋದ. ಈ ಸಲ ನಾನೂ ಬರುತ್ತೇನೆಂದು ಹೆಲ್ಮಿ ಹಟ ಹಿಡಿದಳು. ಟೌನೊ ಯಾರನ್ನೂ ಕೇಳದೆ ಹಿಂದಿನ ಹಲಗೆಗೆ ಏರಿದ. ಹೊರಟ ದಿನವೇ ಹೇಳಿಯೂ ಬಿಟ್ಟ: "ಇದೊಂದು ಸಲ ನಿಮ್ಮ ಆಸೆ ತೀರ್ಲಿ ಅತ್ತಿಗೆ. ವಾಪಸ್ ಹೋದ್ಮೇಲೆ ದೋಣಿ ನಮ್ಮ ಶೆಡ್ಡಿಗೆ. ಹಿಂದೆ ಕೂತು ನಡೆಸೋಕೆ ಬರದೋರಿಗೆ ದೋಣಿ ಯಾಕೆ, ಹೇಳಿ?" ಉತ್ತರ ಹೆಲ್ಮಿಯ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡಳು. ಇನ್ನೂ ಆರು ದಿನವಿತ್ತು.

ಮೊದಲೆರಡು ದಿನ ಹುಟ್ಟು ಹಾಕುವುದರಲ್ಲಿ, ದೋಣಿ ಹೊತ್ತು ಕೆರೆಯಿಂದ ಕೆರೆಗೆ ದಾಟುವುದರಲ್ಲಿ ಕಳೆಯಿತು. ಮೂರನೆಯ ದಿನ ಅವರ ಹಳೆಯ ದ್ವೀಪದಲ್ಲಿ ಡೇರೆ ಹೂಡಿದರು. ಗಾಳ ಹಾಕೋಣವೆಂದು ಟೌನೊ ತನ್ನ ಡಬ್ಬಿಯ ಮುಚ್ಚಳ ತೆಗೆದ. ತೆಗೆದವನೇ ಮೂಗು ಮುಚ್ಚಿಕೊಂಡ. ಒಂದೂ ಮಿಸುಕಲಿಲ್ಲ. ಪ್ಲಾಸ್ಟಿಕ್ ಹುಳ ಕಟ್ಟಿ ಸಂಜೆಯವರೆಗೆ ಕೂತ. ಸೆಕೆಗೆ ಆಳಕ್ಕಿಳಿದ ಮೀನುಗಳು ಅದನ್ನು ಮೂಸಿಯೂ ನೋಡಲಿಲ್ಲ. ಒಲೆಯ ಮೇಲೆ ಆಲೂಗಡ್ಡೆ, ಈರುಳ್ಳಿ, ಹಾಲಿನ ಪುಡಿ ಕುದಿಯುತ್ತಿದ್ದವು. ಆರ್ವೊ ಇದ್ದಾಗ ಈ ದ್ವೀಪದಲ್ಲಿ ಮೀನಿಲ್ಲದ ಮೀನಿನ ಸಾರು ಕುದಿದದ್ದೇ ಇಲ್ಲ. ಅಜ್ಜಿಕಥೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುವಂತೆ, ಟೌನೊನ ಮೂರು ದಿನದ ಜಂಬವೆಲ್ಲ ಈಗ ಅತ್ತಿಗೆಯ ಗೋಣಿ ಸುತ್ತಿದ ಡಬ್ಬಿಯೊಳಗಿತ್ತು.

"ಅತ್ತಿಗೇ..." ರಾಗ ಎಳೆದ. "ನಿಮ್ಮದ್ರಲ್ಲಿ ಒಂದು ನಾಲ್ಕು ಕೊಡ್ತೀರಾ?"

"ನಾಲ್ಕ್ಯಾಕೆ, ಬೇಕಾದಷ್ಟು ತಗೋ. ನಾಳೆಯಿಂದ ಹಿಂದಿನ ಹಲಗೆ ನಂದು. ದೋಣಿ ನಮ್ಮ ಶೆಡ್ಡಲ್ಲೇ ಇರುತ್ತೆ. ಕೇಳ್ತಾ ಇಲ್ಲ ಕಣೋ, ಹೇಳ್ತಾ ಇದೀನಿ."

ಟೌನೊ ನಕ್ಕ. "ಇದು ಜಿಗಣೆಗೆ ನೀರು ಬದಲಾಯ್ಸಿದ ಹಾಗಲ್ಲ. ನಾಳೆ ದೊಡ್ಡ ಕೆರೆ. ಅಡ್ಡಗಾಳಿಗೆ ದೋಣಿ ತಿರುಗಿಕೊಂಡ್ರೆ ಏನ್ಮಾಡ್ತೀರ?"

"ಮೂವತ್ತು ವರ್ಷ ನೀವಿಬ್ರೂ ತರ್ತಿದ್ದ ಜಿಗಣೆ ಎಲ್ಲಿಂದ ಬರ್ತಿದ್ವು, ಟೌನೊ?"

"ನಿಮ್ಮನೆ ಫ್ರಿಜ್ಜಿಂದ. ಬೆಣ್ಣೆ ಪಕ್ಕದಲ್ಲೇ ಇಡ್ತಿದ್ರಿ. ನೋಡಿದ್ರೆ ವಾಕರಿಕೆ ಬರೋದು."

"ಫ್ರಿಜ್ಜಲ್ಲೇ ಹುಟ್ಟಿ ಬೆಳೀತಿದ್ವು ಅಂದ್ಕೊಂಡ್ಯಾ?"

ಟೌನೊನ ನಗು ಅರ್ಧಕ್ಕೇ ನಿಂತಿತು. ಹೆಲ್ಮಿ ಸಾರು ಕದಡುತ್ತಲೇ ಹೇಳಿದಳು. ಮನೆಯ ಹಿಂದೆ ಮೀನಿಲ್ಲದ ಕೊಳ. ಸಂಜೆ ಗೋಣಿಚೀಲದೊಳಗೆ ಮಾಂಸದ ಚೂರು ಕಟ್ಟಿ ಮುಳುಗಿಸಿ ಬರುವುದು. ಹೊತ್ತು ಮೂಡುವ ಮೊದಲೇ ಹೋಗಿ ಎತ್ತಬೇಕು, ಬೆಳಕು ಬಿದ್ದರೆ ಜಿಗಣೆಗಳೆಲ್ಲ ಚೀಲ ಬಿಟ್ಟು ಹೊರಟುಹೋಗುತ್ತವೆ. ಆರ್ವೊಗೆ ಗಣಿಯಲ್ಲಿ ರಾತ್ರಿ ಪಾಳಿ. ಮಂಜಿರಲಿ, ಗಾಳಿಯಿರಲಿ, ಇದೇ ದೋಣಿ, ಅವಳೊಬ್ಬಳೇ.

"ಅಣ್ಣ ಒಂದಿನಾನೂ ಹೇಳ್ಲಿಲ್ಲ," ಎಂದ ಟೌನೊ.

"ನೀನು ಒಂದಿನಾನೂ ಕೇಳ್ಲಿಲ್ಲ."

ಆ ಸಂಜೆ ಹೆಲ್ಮಿಯ ಜಿಗಣೆಗೆ ಎರಡು ದಪ್ಪ ಮೀನು ಸಿಕ್ಕವು. ಟೌನೊ ಎರಡು ಬಟ್ಟಲು ಸಾರು ಕುಡಿದ.

ಬೆಳಿಗ್ಗೆ ಅವನು ಡೇರೆ ಮಡಚಿ ಬರುವಷ್ಟರಲ್ಲಿ ಹೆಲ್ಮಿ ಹಿಂದಿನ ಹಲಗೆಯಲ್ಲಿದ್ದಳು, ತೊಡೆಯ ಮೇಲೆ ಹುಟ್ಟು, ಪಾದಗಳ ನಡುವೆ ಹೊಸ ನೀರು ಕುಡಿದ ಡಬ್ಬಿ. ಟೌನೊ ಒಂದು ಗಳಿಗೆ ನಿಂತು ನೋಡಿ, ಗೊಣಗುತ್ತ ಮುಂದೆ ಹತ್ತಿದ. ದೊಡ್ಡ ಕೆರೆಯ ನಡುವಿಗೆ ಬರುತ್ತಲೇ ಗಾಳಿ ಅಡ್ಡ ಬೀಸಿತು. ಅಲೆಗಳಿಗೆ ಬಿಳಿ ನೊರೆ ಹತ್ತಿತು.

"ಬಲಕ್ಕೆ ಅತ್ತಿಗೆ, ಬಲಕ್ಕೆ! ಅಯ್ಯೋ, ಹುಟ್ಟು ಆಳಕ್ಕೆ ಹಾಕಿ! ಅಣ್ಣ ಆಗಿದ್ರೆ ಇಷ್ಟು ಹೊತ್ತಿಗೆ..."

ಹೆಲ್ಮಿ ಹುಟ್ಟನ್ನು ಒಮ್ಮೆ ಒಳಕ್ಕೆ ಒತ್ತಿ ತಿರುವಿದಳು. ದೋಣಿಯ ಮೂತಿ ಗಾಳಿಗೆ ಎದುರಾಗಿ ನೆಟ್ಟಗೆ ನಿಂತು ಅಲೆಯನ್ನು ಸೀಳಿತು.

"ಟೌನೊ," ಎಂದಳು. "ಒಬ್ಬಳೇ ಹೋಗುವಾಗ ಮುಂದಿನ ತುದಿ ಹಗುರಾಗಿ ಮೇಲೇಳೋದು. ಅದಕ್ಕೇ ನೀನು ಕೂತಿದೀಯಲ್ಲ, ಆ ಜಾಗದಲ್ಲಿ ಒಂದು ಕಲ್ಲು ಇಡ್ತಿದ್ದೆ. ಮೂವತ್ತು ವರ್ಷ. ಒಂದ್ಸಲಾನೂ ಬಾಯಿ ಬಿಡ್ಲಿಲ್ಲ ಅದು."