ಅಟ್ಟದ ಏಣಿ

ಅಟ್ಟದ ಮೇಲೆ ಗಿರಿಜಾ ಒಣಗಿದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಸದ್ದು ಮಾಡಿದರೆ ಕೆಳಗೆ ಹಾಕುತ್ತಿದ್ದಳು. ಪಕ್ಕದಲ್ಲಿ ತಂಗಿ ಶಶಿಕಲಾ ಮರುದಿನದ ಬಿ.ಎ. ಪರೀಕ್ಷೆಗಿದ್ದ ಕಾದಂಬರಿಯನ್ನು ಜೋರಾಗಿ ಓದುತ್ತಿದ್ದಳು. ಅದರಲ್ಲಿ ಸರ್ವಾಧಿಕಾರಿಗೆ ತಲೆಬಾಗದ ಅಕ್ಕತಂಗಿಯರು ಕೈಕೈ ಹಿಡಿದು ಜೈಲಿಗೆ ನಡೆದಾಗ, ಕೆಳಗೆ ಕಾಯಿ ಸುಲಿಯುತ್ತಿದ್ದ ಅಪ್ಪ ಕರಿಬಸವಯ್ಯ ಕಣ್ಣೊರೆಸಿಕೊಂಡ.

"ಹೆಣ್ಮಕ್ಳು ಅಂದ್ರೆ ಹಿಂಗಿರ್ಬೇಕು ಕಣ್ರವ್ವಾ!"

"ಹಂಗಾದ್ರೆ ಅಪ್ಪಾಜಿ, ಆ ತುರುವೇಕೆರೆ ಗಂಡು ನಂಗೆ ಬ್ಯಾಡ," ಅಂದಳು ಗಿರಿಜಾ. "ಶಶೀ, ನೀನೂ ಹೇಳೇ."

ಅಪ್ಪ ಎದ್ದು ಬಂದು ಏಣಿ ಹಿಡಿದ. "ಒಪ್ಕೊಳ್ಳೋಗಂಟ ಅಲ್ಲೇ ಬಿದ್ದಿರು. ಶಶೀ, ನೀನು ಇಳೀತೀಯೋ, ಅವಳ ಜೊತೇಲೇ ಇರ್ತೀಯೋ?"

ಶಶಿಕಲಾ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಇಳಿದಳು. "ನಾಳೆ ಪರೀಕ್ಷೆ ಐತೆ ಕಣಕ್ಕಾ."

ಅಪ್ಪ ಅಟ್ಟದಿಂದ ತೆಗೆಯಹೊರಟ ಏಣಿ ಭಾರವಿತ್ತು. ಇನ್ನೊಂದು ತುದಿಯನ್ನು ಅವಳೇ ಹಿಡಿದುಕೊಂಡಳು.