ಟ್ರಂಕಿನ ಬೀಗದಕೈ

ರಾಧಾ ರೇಷ್ಮೆಹುಳುಗಳಿಗೆ ಸೊಪ್ಪು ಕತ್ತರಿಸುತ್ತಿದ್ದಾಗಲೇ ಕೂಲಿಯಾಳು ಅಂಜಿ ಮೂರ್ಛೆರೋಗ ಬಂದು, ಬಾಯಲ್ಲಿ ನೊರೆ ಕಾರುತ್ತಾ ಅಂಗಳದಲ್ಲಿ ಬಿದ್ದ. ರಾಧಾಳ ಅಪ್ಪ ಎಲ್ಲಪ್ಪ ಉಡಿದಾರದಿಂದ ಕಬ್ಬಿಣದ ಬೀಗದಕೈ ಕಿತ್ತು ಅವನ ಮುಷ್ಟಿಗೆ ತುರುಕಿದ. ಅದು ಟ್ರಂಕಿನದು. ಆಂಬುಲೆನ್ಸ್‌ನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸದ ತರಬೇತಿಗೆ ಬರುತ್ತೇನೆಂದು ರಾಧಾ ಬರೆದ ಪತ್ರವನ್ನು ಅಪ್ಪ ಅದರಲ್ಲೇ ಕೂಡಿಹಾಕಿ ತಿಂಗಳಾಗಿತ್ತು.

ರಾಧಾ ಕತ್ತಿ ಬಿಸಾಡಿ ಓಡಿಬಂದಳು. "ಮುಟ್ಟಬೇಡ ಕಣೇ! ಕಂಡ ಗಂಡಸಿನ ಮೈ ಮುಟ್ಟೋಕೆ ನಾಚಿಕೆ ಆಗಲ್ವಾ?" ಎಂದು ಎಲ್ಲಪ್ಪ ಗದರಿದ.

"ನಾನು ನಾಚ್ಕೊಂಡು ಕೂತ್ರೆ ಇವ್ನು ಉಸಿರುಕಟ್ಟಿ ಸಾಯ್ತಾನೆ. ನೀನು ಆ ಕಡೆ ಸರಿ!" ಅಬ್ಬರಿಸುತ್ತಲೇ ಅವಳು ಅಂಜಿಯನ್ನು ಪಕ್ಕಕ್ಕೆ ಹೊರಳಿಸಿದಳು. ಬಾಯಿಯ ನೊರೆ ಹರಿದುಹೋಗಿ ಉಸಿರು ಹದಕ್ಕೆ ಬಂತು.

"ನೋಡ್ದ್ಯಾ, ಕಬ್ಬಿಣ ಕೊಟ್ಟಿದ್ದಕ್ಕೆ ಉಳ್ಕೊಂಡ," ಎಂದ ಎಲ್ಲಪ್ಪ. ರಾಧಾಳ ಮೈಯೆಲ್ಲ ಉರಿದುಹೋಯಿತು. ಅಂಜಿ ಎದ್ದು ಕೂತು ಮಾತಾಡುವವರೆಗೂ ಅವನ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಅವನ ಕೈಯಿಂದ ಬೀಗದಕೈ ಇಸಿದುಕೊಂಡು, ಅಪ್ಪನ ಕಣ್ಣೆದುರೇ ಟ್ರಂಕು ತೆರೆದಳು. ಸಂಜೆಯೊಳಗೆ ಪತ್ರ ಪಕ್ಕದೂರು ನಂಗಲಿಯ ಅಂಚೆಡಬ್ಬಿಗೆ ಬಿತ್ತು.